ಹದಿನೇಳು ಹಲ್ಲಿನ ಪುಲ್ಲಿ

ಕೆ.ಆರ್. ನಗರದಲ್ಲಿ ನಂಜುಂಡಸ್ವಾಮಿಯವರ ಅಕ್ಕಿ ಗಿರಣಿಯ ಹಿಂದೆ ಭತ್ತ ಒಣಹಾಕುವ ಸಿಮೆಂಟ್ ಕಣವೊಂದಿದೆ. ಭತ್ತವಿಲ್ಲದ ತಿಂಗಳುಗಳಲ್ಲಿ, ಮೊದಲ ಭಾನುವಾರ ಬಂತೆಂದರೆ, ಆ ಕಣದ ಮೇಲೆ ಮೊಳದುದ್ದದ ಕಾರುಗಳು ಓಡುತ್ತವೆ. ಕೈಯಲ್ಲಿ ರಿಮೋಟ್ ಹಿಡಿದ ಏಳೆಂಟು ಜನ ಪಕ್ಕದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಸಾಲಾಗಿ ನಿಂತು ಅವನ್ನು ಓಡಿಸುತ್ತಾರೆ. ಐದು ನಿಮಿಷದಲ್ಲಿ ಹೆಚ್ಚು ಸುತ್ತು ಹಾಕಿದವರು ಗೆದ್ದ ಹಾಗೆ. ಏಪ್ರಿಲಿನಿಂದ ಅಕ್ಟೋಬರಿನ ತನಕ ಏಳು ಭಾನುವಾರ ಹುಣಸೂರಿನ ಮಂಚಯ್ಯ ಆ ಟ್ರೇಲರ್ ಹತ್ತಿದ. ಏಳು ಸಲವೂ ಐದು ನಿಮಿಷ ತುಂಬುವ ಮೊದಲೇ ಇಳಿದ.

ಮಂಚಯ್ಯನಿಗೆ ಈಗ ನಲವತ್ತೆಂಟು. ಹುಟ್ಟಿದ್ದು ಬೆಟ್ಟದಪುರದ ಪಕ್ಕದ ಹಳ್ಳಿ. ಹುಣಸೂರಿನಲ್ಲಿ ಎಚ್.ಡಿ. ಕೋಟೆ ರಸ್ತೆಗೆ ತಾಗಿದಂತೆ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ಹಾಕಿ ಇಪ್ಪತ್ತೈದು ವರ್ಷ ಆಯಿತು. ಆದರೆ ನಾಲ್ಕು ತಾಲೂಕಿಗೆ ಅವನ ಹೆಸರು ಗೊತ್ತಾಗಿದ್ದು ರಿಪೇರಿಯಿಂದಲ್ಲ, ರಿವರ್ಸ್ ಹೊಡೆಯುವುದರಿಂದ. ಟ್ರೇಲರ್ ಸಿಕ್ಕಿಸಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ, ನೆಟ್ಟ ಗೂಟಗಳಿಗೆ ತಾಗಿಸದೆ ಓಡಿಸುವ ಸ್ಪರ್ಧೆ ಎಲ್ಲಿ ನಡೆದರೂ ಮಂಚಯ್ಯ ಬಂದನೆಂದರೆ ಉಳಿದವರು ಎರಡನೇ ಬಹುಮಾನಕ್ಕೆ ಪೈಪೋಟಿ ಮಾಡುತ್ತಿದ್ದರು. ಮೈ ತಿರುಗಿಸಿ ಹಿಂದೆ ನೋಡುತ್ತ, ಎರಡೇ ಬೆರಳಲ್ಲಿ ಸ್ಟೇರಿಂಗ್ ಆಡಿಸುತ್ತ, ಬಾಯಲ್ಲಿ ಎಲೆಅಡಿಕೆ ಅಗಿಯುತ್ತ ಅವನು ಟ್ರೇಲರನ್ನು ನುಸುಳಿಸಿಕೊಂಡು ಹೋಗುವುದನ್ನು ನೋಡಲೆಂದೇ ಜನ ಸೇರುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಗೇರ್‌ಬಾಕ್ಸ್ ಎತ್ತುವಾಗ ಬೆನ್ನಿನಲ್ಲಿ ಏನೋ ಚಳಕ್ ಎಂದಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಇನ್ನು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂರಬಾರದು, ಬೈಕೂ ಬೇಡ ಎಂದರು ಡಾಕ್ಟರು. ಅಂದಿನಿಂದ ಮಂಚಯ್ಯ ಬೆಂಚಿನ ಮುಂದೆ ಕುಳಿತು ಡೀಸೆಲ್ ಪಂಪು, ಹೈಡ್ರಾಲಿಕ್ಕು ಬಿಚ್ಚಿ ಜೋಡಿಸುವ ಕೆಲಸ ಮಾತ್ರ ಇಟ್ಟುಕೊಂಡ. ಎಲ್ಲಿಗೆ ಹೋಗುವುದಿದ್ದರೂ ಬಸ್ಸು. ತನ್ನೂರಿನ ಕಡೆ ರಿವರ್ಸ್ ಸ್ಪರ್ಧೆ ಇರುವ ದಿನ ಶೆಡ್ಡಿಗೆ ಬೀಗ ಹಾಕಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಹೆಂಡತಿ ವಾಣಿಶ್ರೀ ಊಟ ಮುಚ್ಚಿಟ್ಟು ಹೊಲಿಗೆಗೆ ಕೂರುತ್ತಿದ್ದಳು.

ಅವನ ಕೈಗೆ ರಿಮೋಟ್ ಕೊಟ್ಟವನು ಬೈಲಕುಪ್ಪೆಯ ಚೆರಿಂಗ್. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಮನೆಯವರ ಜೋಳದ ಹೊಲಕ್ಕೆಂದು ಇದ್ದ ಟ್ರ್ಯಾಕ್ಟರನ್ನು ಜೀಪಿಗೆ ಕಟ್ಟಿ ಎಳೆದು ರಿಪೇರಿಗೆ ತಂದ ದಿನ, ಕಾಯುತ್ತ ಕೂರಲು ಬೇಜಾರಾಗಿ, ಜೀಪಿನಿಂದ ತನ್ನ ಕಾರು ಇಳಿಸಿ ಶೆಡ್ಡಿನ ಮುಂದೆ ಓಡಿಸುತ್ತಿದ್ದ. ಮಂಚಯ್ಯ ಕೈ ಒರೆಸಿಕೊಂಡು ಹೊರಗೆ ಬಂದ. ರಿಮೋಟ್ ಇಸಿದುಕೊಂಡು, ಐದು ನಿಮಿಷ ಅಂದಾಜು ನೋಡಿಕೊಂಡು, ಆಮೇಲೆ ಕಾರನ್ನು ಎಣ್ಣೆ ಡಬ್ಬಗಳ ನಡುವೆ ಹಿಮ್ಮುಖವಾಗಿ ಎಂಟರ ಆಕಾರದಲ್ಲಿ ಓಡಿಸಿದ. ಒಂದು ಡಬ್ಬಕ್ಕೂ ತಾಗಲಿಲ್ಲ.

"ಮಂಚಣ್ಣ, ನಿಮ್ಗೂ ಒಂದ್ ಕಾರ್ ಬೇಕು ಕಣ್ರೀ," ಎಂದ ಚೆರಿಂಗ್.

ಮಾರ್ಚಿನಲ್ಲಿ ಕಾರು ಬಂತು. ಕೋಟೆ ಕಡೆ ಗೇಣಿಗೆ ಜಮೀನು ಹಿಡಿದು ಶುಂಠಿ ಬೆಳೆಯುತ್ತಿದ್ದ ಶಾಜಿ ಎಂಬವನದು ಅದು. ಶಾಜಿ ಶುಂಠಿ ಬಿಟ್ಟು ತನ್ನೂರು ಮಾನಂದವಾಡಿಗೆ ವಾಪಸು ಹೊರಟಿದ್ದ. ಚೆರಿಂಗನೇ ಹೋಗಿ ಮಾತಾಡಿ ತಂದುಕೊಟ್ಟ. ಕಾರಿನ ನಡುವೆ ಒಂದು ದೊಡ್ಡ ಗೇರು, ಅದರ ಶಾಫ್ಟಿನಿಂದ ಮುಂದಿನ ಚಕ್ರಕ್ಕೊಂದು ಬೆಲ್ಟು, ಹಿಂದಿನ ಚಕ್ರಕ್ಕೊಂದು ಬೆಲ್ಟು. ನಾಲ್ಕೂ ಚಕ್ರ ಎಳೆಯುವ ಗಾಡಿ.

ಗಿರಣಿ ಕಣದ ಕಾನೂನಿನಂತೆ ಎಲ್ಲರ ಮೋಟಾರೂ ಒಂದೇ, ಬ್ಯಾಟರಿಯೂ ಒಂದೇ. ವ್ಯತ್ಯಾಸವೇನಿದ್ದರೂ ಗೇರಿನಲ್ಲಿ, ಕೈಯಲ್ಲಿ. ಆ ವರ್ಷ ಸಾಲಾಗಿ ಗೆಲ್ಲುತ್ತಿದ್ದವನು ಚೆರಿಂಗ್. ಮೋಟಾರಿನ ಮೇಲೆ ಮೂವತ್ತೇಳು ಹಲ್ಲಿನ ಪಿನಿಯನ್ ಎಂಬ ಸಣ್ಣ ಗೇರು, ಅದಕ್ಕೆ ಕಚ್ಚುವ ದೊಡ್ಡ ಗೇರು ಅರವತ್ತನಾಲ್ಕು ಹಲ್ಲಿನದು. "ಇದನ್ನೇ ಆಕ್ಕಳಿ ಮಂಚಣ್ಣ, ಯೋಚ್ನೆ ಮಾಡ್ಬೇಡಿ," ಎಂದು ಹೇಳಿಕೊಟ್ಟ. ಮಂಚಯ್ಯ ಹಾಗೆಯೇ ಹಾಕಿದ.

ಏಪ್ರಿಲಿನ ಓಟದಲ್ಲಿ ಮೂರನೇ ನಿಮಿಷಕ್ಕೆ ಕಾರು ನಿಂತಿತು. ಮೋಟಾರು ಮುಟ್ಟಿದ ಮಂಚಯ್ಯ ಬೆರಳನ್ನು ಬಾಯಿಗೆ ಇಟ್ಟುಕೊಂಡ. ಮೇ ತಿಂಗಳಲ್ಲೂ ಮೂರು ನಿಮಿಷವೇ. ತಿರುವು ಬಂದಾಗ ಕಾರಿನ ಹಿಂಭಾಗ ಜಾರಿ ಆಚೆಗೆ ಹೋಗುತ್ತಿತ್ತು. ಅದನ್ನು ಸರಿಮಾಡಿಕೊಂಡು ಹೊರಡುವಷ್ಟರಲ್ಲಿ ಎರಡು ಕಾರು ಮುಂದೆ ಹೋಗಿರುತ್ತಿದ್ದವು.

ಅವನು ಮೋಟಾರು ಬದಲಿಸಿದ. ಬೇರಿಂಗುಗಳನ್ನೆಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹಾಕಿದ. ಸಂದೇಹಕ್ಕೆ ಬ್ಯಾಟರಿಯನ್ನು ಚೆರಿಂಗನದರ ಜೊತೆ ಅದಲುಬದಲು ಮಾಡಿ ನೋಡಿದ. ಚೆರಿಂಗನ ಕಾರು ಈ ಬ್ಯಾಟರಿಯಲ್ಲೂ ಗೆದ್ದಿತು, ಇವನ ಕಾರು ಆ ಬ್ಯಾಟರಿಯಲ್ಲೂ ಬಿಸಿಯಾಯಿತು. ವೈರುಗಳನ್ನು ಹೊಸದಾಗಿ ಬೆಸೆದ. ಮುಂದಿನ ಟೈರುಗಳು ಎರಡೇ ಓಟಕ್ಕೆ ಸವೆದು ಬೋಳಾದಾಗ ಕಣದ ಸಿಮೆಂಟು ಒರಟು ಎಂದುಕೊಂಡ. ಬೇರೆಯವರ ಟೈರು ಯಾಕೆ ಸವೆದಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಇಪ್ಪತ್ತೈದು ವರ್ಷ ನಾಲ್ಕು ಟನ್ನಿನ ಯಂತ್ರಗಳನ್ನು ದಾರಿಗೆ ತಂದವನಿಗೆ ಒಂದೂವರೆ ಕೆ.ಜಿ.ಯ ಆಟದ ಸಾಮಾನು ಬಗ್ಗುತ್ತಿಲ್ಲವಲ್ಲ ಎಂಬ ಸಿಟ್ಟು ಶೆಡ್ಡಿನಲ್ಲಿ ಬೇರೆ ಬೇರೆ ರೂಪದಲ್ಲಿ ಹೊರಬರುತ್ತಿತ್ತು. ಸ್ಪ್ಯಾನರ್ ಕೈತಪ್ಪಿದರೂ ಬೈಗುಳ, ಟೀ ತಡವಾದರೂ ಬೈಗುಳ.

ಜುಲೈ ಓಟದಲ್ಲೂ ಕಾರು ನಿಂತ ಮೇಲೆ ಅವನು ಕಣದ ಅಂಚಿನಲ್ಲಿ ಕುಳಿತಿದ್ದ. ನಂಜುಂಡಸ್ವಾಮಿಯವರ ಮಗಳು ಅನುಶ್ರೀ ಹತ್ತಿರ ಬಂದಳು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವಳು, ಅವಳದೂ ಒಂದು ಕಾರಿತ್ತು.

"ಮಂಚಣ್ಣ, ನಿಮ್ ಕಾರಿನ ಒಳಗಿನ ರೇಶಿಯೋ ಎಷ್ಟು?"

"ಅರವತ್ನಾಕು, ಮೂವತ್ತೇಳು. ಚೆರಿಂಗ್‌ದೂ ಅಷ್ಟೇ ಕಣವ್ವ."

"ಅದು ಮೋಟಾರಿಂದ ದೊಡ್ ಗೇರಿಗೆ ಬರೋದು. ಅಲ್ಲಿಂದ ಚಕ್ರಕ್ಕೆ ಹೋಗೋ ದಾರೀಲಿ ಇನ್ನೊಂದ್ ಸಲ ಸುತ್ತು ಕಡ್ಮೆ ಆಗುತ್ತಲ್ಲ, ನಾನ್ ಕೇಳಿದ್ದು ಅದು. ಅವರದು ಶಾಫ್ಟ್ ಗಾಡಿ, ನಿಮ್ದು ಬೆಲ್ಟು. ಎರಡರ ಒಳಗಡೆ ಬೇರೆಬೇರೆ ಇರುತ್ತೆ."

ಟ್ರ್ಯಾಕ್ಟರಿನಲ್ಲಿ ಇದಕ್ಕೆ ಕ್ರೌನ್ ಪಿನಿಯನ್ ಎನ್ನುತ್ತಾರೆ. ಒಂದು ಕಂಪನಿಯ ಗೇರ್‌ಬಾಕ್ಸಿಗೆ ಇನ್ನೊಂದರ ಹಿಂದಿನ ಆಕ್ಸಲ್ ಕೂರಿಸಿ ಎಂದು ಬಂದವರಿಗೆ ಮಂಚಯ್ಯ ಎಷ್ಟು ಸಲ ಬೈದು ಕಳಿಸಿದ್ದಾನೋ ಲೆಕ್ಕವಿಲ್ಲ.

ಅನುಶ್ರೀ ಇಟ್ಟಿಗೆ ಚೂರಿನಿಂದ ಸಿಮೆಂಟಿನ ಮೇಲೆ ಬರೆದು ತೋರಿಸಿದಳು. ಚೆರಿಂಗನ ಕಾರಿನ ಒಳಗಿನ ಇಳಿಕೆ ಎರಡು ಪಾಯಿಂಟ್ ಆರು. ಎಲ್ಲ ಸೇರಿ ಮೋಟಾರು ನಾಲ್ಕೂವರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮಂಚಯ್ಯನ ಕಾರಿನ ಕೈಪಿಡಿಯನ್ನು ಅವಳು ಮೊಬೈಲಿನಲ್ಲಿ ಹುಡುಕಿದಳು. ಒಳಗಿನದು ಬರೀ ಎರಡು ಎಂದು ಅದರಲ್ಲಿತ್ತು. ಅದೇ ಪಿನಿಯನ್ನು, ಅದೇ ದೊಡ್ಡ ಗೇರು ಹಾಕಿದರೆ ಇಲ್ಲಿ ಮೋಟಾರು ಮೂರೂವರೆ ಸುತ್ತಿಗೇ ಚಕ್ರ ತಿರುಗಿಸಬೇಕು. ಕೆಸರು ಗದ್ದೆಯಲ್ಲಿ ಟಾಪ್ ಗೇರಿಗೆ ಹಾಕಿ ಉಳುವ ಕೆಲಸ. ಬಿಸಿಯಾಗದೆ ಇನ್ನೇನು?

"ಇಪ್ಪತ್ತೆಂಟ್ ಹಲ್ಲಿನ ಪಿನಿಯನ್ ಹಾಕಿ ನೋಡಿ," ಎಂದಳು.

ಪಿನಿಯನ್ ತರಿಸಲು ಒಂದು ತಿಂಗಳ ಮೇಲಾಯಿತು. ಆ ನಡುವೆ ಆಗಸ್ಟಿನ ಓಟವೂ ಹಳೆಯ ಗೇರಿನಲ್ಲೇ ಹಾಳಾಯಿತು. ಸೆಪ್ಟೆಂಬರಿನಲ್ಲಿ ಹೊಸದು ಹಾಕಿಕೊಂಡು ಹೋದ. ಹೊರಡುವಾಗ ಕಾರು ಮೊದಲ ಸಲ ಚಂಗನೆ ನೆಗೆಯಿತು. ಮಂಚಯ್ಯನ ಎದೆಯೂ ನೆಗೆಯಿತು. ನಾಲ್ಕನೇ ನಿಮಿಷಕ್ಕೆ ಕಾರು ಮತ್ತೆ ನಿಂತಿತು. ಮೋಟಾರು ಸುಡುತ್ತಿತ್ತು, ಮೊದಲಿನಷ್ಟಲ್ಲ, ಆದರೂ ಸುಡುತ್ತಿತ್ತು. ಹಿಂಭಾಗ ಜಾರುವುದಂತೂ ಮೊದಲಿಗಿಂತ ಜಾಸ್ತಿಯಾಗಿತ್ತು.

ಗೊತ್ತಿಲ್ಲದೆ ಸೋತಾಗ ಇದ್ದ ಸಿಟ್ಟಿಗಿಂತ ಇದು ಕೆಟ್ಟದ್ದು. ಈಗ ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದೂ ಗಾಡಿ ಓಡುವುದಿಲ್ಲವೆಂದರೆ ಉಳಿಯುವುದು ಕೈಯೊಂದೇ. ಅಕ್ಟೋಬರಿನ ಓಟದಲ್ಲಿ ಎರಡನೇ ತಿರುವಿನಲ್ಲಿ ಅವನ ಕಾರು ಬಾಲ ಬೀಸಿ ಅನುಶ್ರೀಯ ಕಾರಿಗೆ ಬಡಿಯಿತು. ಅವಳ ಕಾರಿನ ಮುಂದಿನ ಚಕ್ರ ಮುರಿದು ಪಕ್ಕಕ್ಕೆ ಉರುಳಿತು. "ಪರ್ವಾಗಿಲ್ಲ ಬುಡಿ ಮಂಚಣ್ಣ," ಎಂದಳು ಅವಳು. ಆ ಮೇಲೆ ನಂಜುಂಡಸ್ವಾಮಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಮಂಚಯ್ಯ, ಬೆನ್ನು ನೋವಿರೋನು ಅಷ್ಟೊತ್ತು ನಿಂತ್ಕಂಡ್ರೆ ಕೈ ನಡುಗೇ ನಡುಗ್ತದೆ ಕಣಯ್ಯ. ಮುಂದಿನ್ ಸಲ ಟ್ರೇಲರ್ ಮೇಲೆ ಒಂದ್ ಕುರ್ಚಿ ಆಕುಸ್ಲಾ?"

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಮಂಚಯ್ಯ ಬೇಡ ಎಂದು ಕಾರನ್ನು ಚೀಲಕ್ಕೆ ತುಂಬಿಕೊಂಡು ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದ. ಹುಣಸೂರು ಬರುವ ತನಕ ಬಸ್ಸಿನಲ್ಲಿ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದ. ಅದು ನಡುಗುತ್ತಿತ್ತೋ ಇಲ್ಲವೋ, ಬಸ್ಸಿನ ಅಲುಗಾಟದಲ್ಲಿ ಗೊತ್ತಾಗಲಿಲ್ಲ.

ಮೂರು ವಾರ ಚೀಲದ ಜಿಪ್ಪು ತೆರೆಯಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಯಾರಿಗಾದರೂ ಕೊಟ್ಟುಬಿಡೋಣವೆಂದು ಕಾರನ್ನು ಹೊರಗೆ ತೆಗೆದು ಪಡಸಾಲೆಯ ನೆಲದ ಮೇಲೆ ಇಟ್ಟ. ವಾಣಿಶ್ರೀ ಆಗತಾನೆ ನೆಲ ಒರೆಸಿದ್ದಳು. ಕೆಂಪು ನೆಲ ಇನ್ನೂ ಒದ್ದೆಯಿತ್ತು. ಅವನು ಕಾರನ್ನು ಕೈಯಲ್ಲಿ ಮುಂದಕ್ಕೆ ತಳ್ಳಿದ.

"ಅಯ್ಯೋ, ಈಗ್ ಒರ್ಸಿವ್ನಿ ಕಣ್ರೀ," ಎಂದು ಬಟ್ಟೆ ಹಿಡಿದು ಬಂದವಳು ನಿಂತಳು. "ಏನ್ರೀ ಇದು, ಮುಂದಿನ್ ಚಕ್ರ ಉರುಳ್ತಾ ಇಲ್ಲ, ಎಳ್ಕಂಡ್ ಓಗ್ತಾ ಅದೆ."

"ಬೆಲ್ಟು ಬಿಗಿ ಅದೆ. ಅದ್ಕೆ."

"ಬಿಗಿ ಇದ್ರೆ ಇಂದ್ಲುದೂ ಎಳೀಬೇಕಲ್ವಾ? ಅದ್ರ ಗುರುತು ನೋಡಿ, ಚೆನ್ನಾಗ್ ಬಿದ್ದದೆ."

ಮಂಚಯ್ಯ ಬಗ್ಗಲಾರದೆ ಬಗ್ಗಿ ನೋಡಿದ. ಹಿಂದಿನ ಟೈರಿನ ಗುರುತು ಒದ್ದೆ ನೆಲದ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಮುಂದಿನದು ಬಟ್ಟೆಯಿಂದ ಸವರಿದ ಹಾಗೆ ಕಲಸಿಹೋಗಿತ್ತು. ಮತ್ತೆ ತಳ್ಳಿದ. ಮತ್ತೆ ಹಾಗೆಯೇ.

ಅವನು ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟ. ಎರಡು ವರ್ಷದ ಹಿಂದೆ ಕೋಟೆಯ ಮಹದೇವಪ್ಪ ಎಂಬ ರೈತ ತನ್ನ ನಾಲ್ಕು ಚಕ್ರ ಎಳೆಯುವ ಟ್ರ್ಯಾಕ್ಟರಿಗೆ ಮುಂದೆ ಅಳತೆ ತಪ್ಪಿದ ಟೈರು ಹಾಕಿಕೊಂಡು ಬಂದಿದ್ದ. ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು ಕೇಳುತ್ತದೆ, ಎರಡೂ ಜಗಳವಾಡಿ ಮುಂದಿನ ಆಕ್ಸಲ್ಲಿನ ಹಲ್ಲು ಉದುರಿವೆ ಎಂದು ಅವನಿಗೆ ಅರ್ಧ ಗಂಟೆ ಪಾಠ ಮಾಡಿದ್ದವನು ಮಂಚಯ್ಯನೇ.

ವಾಣಿಶ್ರೀಯ ಹೊಲಿಗೆ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ಬಿಳಿ ಬಿಲ್ಲೆ ತೆಗೆದುಕೊಂಡ. ಚಕ್ರದ ಕಡೆ ಬೆಲ್ಟು ಕೂರುವ ಮುಂದಿನ ಪುಲ್ಲಿಗೊಂದು, ಹಿಂದಿನ ಪುಲ್ಲಿಗೊಂದು ಗೆರೆ ಹಾಕಿ ನಡುವಿನ ದೊಡ್ಡ ಗೇರನ್ನು ಬೆರಳಿನಿಂದ ತಿರುಗಿಸಿದ. ಹಿಂದಿನದನ್ನು ವಾಣಿಶ್ರೀ ಎಣಿಸಿದಳು, ಮುಂದಿನದನ್ನು ಅವನು. ಅವಳು ಏಳು ಎಂದಾಗ ಅವನದು ಆರಕ್ಕೆ ಬರುವುದರಲ್ಲಿತ್ತು. ಎರಡೂ ಒಂದೇ ಆಗಬೇಕಿತ್ತು.

ಕಾರು ಬಿಚ್ಚಿದ. ದೊಡ್ಡ ಗೇರಿನ ಶಾಫ್ಟಿನ ಮೇಲೆ ಎರಡು ಸಣ್ಣ ಪುಲ್ಲಿಗಳಿದ್ದವು. ಮುಂದಿನ ಬೆಲ್ಟಿನದಕ್ಕೆ ಹದಿನೇಳು ಹಲ್ಲು. ಹಿಂದಿನದಕ್ಕೆ ಇಪ್ಪತ್ತು. ದೊಡ್ಡ ಪುಲ್ಲಿ ಹಾಕಿದ್ದರಿಂದಲೇ ಹಿಂದಿನ ಬೆಲ್ಟು ತಂತಿಯಂತೆ ಬಿಗಿದುಕೊಂಡಿತ್ತು. ಕೈಪಿಡಿಯಲ್ಲಿದ್ದ 'ಎರಡು' ಮುಂದಿನ ಚಕ್ರಕ್ಕೆ ಮಾತ್ರ ನಿಜ. ಹಿಂದಿನ ಚಕ್ರಕ್ಕೆ ಅದು ಒಂದು ಪಾಯಿಂಟ್ ಏಳು. ಏಳು ತಿಂಗಳು ಈ ಕಾರಿನ ಹಿಂದಿನ ಚಕ್ರಗಳು ಮುಂದಿನವನ್ನು ನೂಕುತ್ತಿದ್ದವು, ಮುಂದಿನವು ಬ್ರೇಕಿನಂತೆ ಹಿಡಿಯುತ್ತಿದ್ದವು, ನಡುವೆ ಮೋಟಾರು ಬೇಯುತ್ತಿತ್ತು.

ಶಾಜಿಯ ನಂಬರು ಹುಡುಕಿ ಫೋನ್ ಮಾಡಿದ.

"ಅದು ಡ್ರಿಫ್ಟಿಂಗಿಗೆ ಮಾಡಿದ್ದು ಚೇಟಾ," ಎಂದ ಶಾಜಿ, ಶುಂಠಿ ಹೊಲದಲ್ಲಿ ಕಲಿತ ಕನ್ನಡದಲ್ಲಿ. "ನುಣ್ಣಗೆ ನೆಲದ ಮೇಲೆ, ಗಟ್ಟಿ ಪ್ಲಾಸ್ಟಿಕ್ ಟೈರ್ ಹಾಕಿ, ಹಿಂದುಗಡೆ ಜಾರಿಸ್ತಾ ಓಡಿಸೋದು. ಹಿಂದಿನ ಚಕ್ರ ಜಾಸ್ತಿ ತಿರುಗಬೇಕು, ಅದಕ್ಕೆ ಪುಲ್ಲಿ ಬದಲಿ ಮಾಡಿದೆ. ಚೆರಿಂಗಿಗೆ ಹೇಳಿದ್ದೆ ಅಲ್ಲಾ?"

ಫೋನಿನಲ್ಲಿ ಸುದ್ದಿ ಕೇಳಿ ಚೆರಿಂಗ್ ಮಧ್ಯಾಹ್ನವೇ ಶೆಡ್ಡಿಗೆ ಬಂದ. ಮಂಚಯ್ಯ ಎರಡು ಪುಲ್ಲಿಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ.

"ಡ್ರಿಫ್ಟಿಂದು ಅಂದಿದ್ರು ಮಂಚಣ್ಣ," ಎಂದ ಚೆರಿಂಗ್ ತಲೆ ತಗ್ಗಿಸಿ. "ನಾನು ಟೈರ್ ಮಾತ್ರ ಅನ್ಕೊಂಡೆ. ಟೈರ್ ಬದ್ಲಾಯಿಸಿ ನಿಮ್ಗೆ ಕೊಟ್ಟೆ."

"ಏಳ್ ತಿಂಗ್ಳು ಕಣ್ಲಾ. ಕಣದ ತುಂಬಾ ಜನದ್ ಮುಂದೆ. ನನ್ ಕೈಯೇ ಓಗದೆ ಅನ್ಕಂಡಿದ್ದೆ ನಾನು. ಒಂದ್ ಮಾತು ಏಳೋಕೆ ಆಯ್ತಿರ್ಲಿಲ್ವಾ ನಿಂಗೆ?"

ಮಂಚಯ್ಯ ಬೈದದ್ದು ಚೆರಿಂಗನನ್ನಾದರೂ ಸಿಟ್ಟು ಅರ್ಧ ತನ್ನ ಮೇಲೆಯೇ ಇತ್ತು. ಟೈರು ಸವೆದಾಗ ಹಲ್ಲು ಎಣಿಸದೆ ಕೈಪಿಡಿಯ ಅಂಕಿ ನಂಬಿದ್ದು ಅವನೇ. ಗಿರಾಕಿಯ ಟ್ರ್ಯಾಕ್ಟರಿಗೆ ಹಾಗೆ ಮಾಡುತ್ತಿರಲಿಲ್ಲ.

ಆ ಮಾದರಿಯ ಕಾರು ತಯಾರಾಗುವುದು ನಿಂತು ವರ್ಷಗಳಾಗಿದ್ದವು, ಪುಲ್ಲಿ ಎಲ್ಲೂ ಸಿಗಲಿಲ್ಲ. ತೆಗೆದಿಟ್ಟ ಹಳೆಯದು ಮನೆಯಲ್ಲೇ ಎಲ್ಲೋ ಇದೆ, ಹುಡುಕಿ ಮೈಸೂರು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ ಎಂದ ಶಾಜಿ. ಹೇಳಿದ ದಿನ ಮಂಚಯ್ಯ ಕೋಟೆಗೆ ಹೋಗಿ ಬಾವಲಿಯ ಗಡಿ ದಾಟಿ ಬರುವ ಬಸ್ಸುಗಳಿಗೆ ಕಾದ. ಮೂರು ಬಸ್ಸು ಬಂದವು. ಮೂರೂ ಡ್ರೈವರುಗಳು ಏನೂ ಕೊಟ್ಟಿಲ್ಲ ಎಂದರು. ಫೋನ್ ಮಾಡಿದರೆ ಶಾಜಿ ಮದುವೆಗೆ ಹೋಗಿದ್ದ. ಕಲ್ಲಿನ ಬೆಂಚಿನ ಮೇಲೆ ಅಷ್ಟು ಹೊತ್ತು ಕೂತಿದ್ದಕ್ಕೆ ಬೆನ್ನು ಎರಡು ದಿನ ನೋಯಿತು. ಮುಂದಿನ ವಾರ ಮತ್ತೆ ಹೋದ. ಈ ಸಲ ಡ್ರೈವರು ಕಿಟಕಿಯಿಂದ ಬೀಡಿಕಟ್ಟಿನಷ್ಟು ದಪ್ಪದ ಪೊಟ್ಟಣ ಚಾಚಿದ. ಮಂಚಯ್ಯ ಅಲ್ಲೇ ಬಿಚ್ಚಿ, ಉಗುರಿನ ತುದಿಯಿಂದ ಹಲ್ಲು ಎಣಿಸಿದ. ಹದಿನೇಳು. ನಂಬದೆ ಇನ್ನೊಂದು ಸಲ ಎಣಿಸಿದ.

ಡಿಸೆಂಬರಿನ ಮೊದಲ ಭಾನುವಾರ ಕಾರು ಹೊತ್ತುಕೊಂಡು ಕೆ.ಆರ್. ನಗರಕ್ಕೆ ಹೋದ. ಗಿರಣಿಯ ಹಿಂದೆ ಬಂದು ನೋಡಿದರೆ ಕಣದ ಈ ತುದಿಯಿಂದ ಆ ತುದಿಗೆ ಭತ್ತ ಹರಡಿತ್ತು. ಹೆಂಗಸರು ಕಾಲಿನಿಂದ ಸಾಲು ಎಳೆದು ತಿರುವುತ್ತಿದ್ದರು.

"ಸುಗ್ಗಿ ಸುರು ಆಯ್ತಲ್ಲ ಮಂಚಯ್ಯ, ಗ್ರೂಪಲ್ಲಿ ಆಕಿದ್ನಲ್ಲ, ನೋಡ್ಲಿಲ್ವಾ?" ಎಂದರು ನಂಜುಂಡಸ್ವಾಮಿ. "ಇನ್ ಫೆಬ್ರವರಿಗೇ ಕಣ ಖಾಲಿಯಾಗಾದು."

ಅಕ್ಟೋಬರಿನಲ್ಲಿ ಸಿಟ್ಟು ಬಂದು ಓಟದ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬಂದಿದ್ದೆ ಎಂದು ಹೇಳಲು ಮಂಚಯ್ಯನಿಗೆ ನಾಚಿಕೆಯಾಯಿತು. ಕೊಟ್ಟ ಕಾಫಿ ಕುಡಿದು, ಚೀಲ ತೆರೆಯದೆ ವಾಪಸು ಹೊರಟ. ಎರಡು ತಿಂಗಳು ಆ ಕಾರು ಮನೆಯ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಹತ್ತಡಿ ಓಡಿದ್ದು ಬಿಟ್ಟರೆ ಬೇರೆ ಓಟ ಕಾಣಲಿಲ್ಲ. ಹತ್ತಡಿಯಲ್ಲಿ ಏನು ಗೊತ್ತಾಗುತ್ತದೆ? ತಳ್ಳಿದರೆ ನಾಲ್ಕೂ ಚಕ್ರ ಹಗುರವಾಗಿ ಉರುಳುತ್ತಿದ್ದವು, ಅಷ್ಟೇ.

ಜನವರಿಯ ಕೊನೆಗೆ ಚೆರಿಂಗ್ ಫೋನ್ ಮಾಡಿದ. "ಭಾನುವಾರ ಜೀಪ್ ತತ್ತೀನಿ, ರೆಡಿ ಇರಿ," ಎಂದಷ್ಟೇ ಹೇಳಿ ಇಟ್ಟ. ಮಂಚಯ್ಯ ಬರುವುದಿಲ್ಲ ಎನ್ನಲಿಲ್ಲ. ಸೀಟಿನ ಬೆನ್ನಿಗೆ ಚೆರಿಂಗ್ ಒಂದು ದಿಂಬು ಕಟ್ಟಿದ್ದನ್ನು ಮಂಚಯ್ಯ ನೋಡಿದ.

ಕಣದ ಮೂಲೆಗಳಲ್ಲಿ ಇನ್ನೂ ಭತ್ತದ ಹೊಟ್ಟು ಉಳಿದಿತ್ತು. ಏಳು ಕಾರು. ಮಂಚಯ್ಯನದು ಐದನೆಯ ಸ್ಥಾನದಲ್ಲಿ ಹೊರಟಿತು. ಮೊದಲ ತಿರುವಿನಲ್ಲಿ ಹಿಂಭಾಗ ಜಾರುತ್ತದೆಂದು ಬೆರಳು ತಾನಾಗಿಯೇ ಎದುರು ತಿರುಗಿಸಿತು. ಜಾರಲೇ ಇಲ್ಲ, ಕಾರು ನೆಟ್ಟಗೆ ಹೋಗಿ ಅಂಚಿನ ಹಲಗೆಗೆ ಬಡಿಯಿತು. ಏಳು ತಿಂಗಳು ಕೆಟ್ಟ ಗಾಡಿಗೆ ಹೊಂದಿಕೊಂಡ ಕೈ ಅದು. ಮಂಚಯ್ಯ ಹಲ್ಲು ಕಚ್ಚಿ ಕಾರನ್ನು ಹಿಮ್ಮುಖ ಎಳೆದು ಮತ್ತೆ ಬಿಟ್ಟ. ಎರಡನೇ ಸುತ್ತು, ಮೂರನೇ ಸುತ್ತು ಹೀಗೆಯೇ ತಪ್ಪಾಯಿತು. ಹತ್ತನೇ ಸುತ್ತಿನ ಹೊತ್ತಿಗೆ ಕೈ ಹಳೆಯದನ್ನು ಮರೆಯತೊಡಗಿತು. ಮೂರು ನಿಮಿಷ ಕಳೆಯಿತು. ನಾಲ್ಕು ಕಳೆಯಿತು. ಕಾರು ಓಡುತ್ತಲೇ ಇತ್ತು. ಅನುಶ್ರೀ ಪಕ್ಕದಲ್ಲಿ ಇನ್ನು ಮೂವತ್ತು ಸೆಕೆಂಡು ಎಂದದ್ದು ಕೇಳಿಸಿತು.

ಅನುಶ್ರೀ ಎರಡನೆಯವಳಾದಳು, ಮಂಚಯ್ಯ ನಾಲ್ಕನೆಯವನಾಗಿ ಮುಗಿಸಿದ. ಗೆದ್ದ ಚೆರಿಂಗನಿಗಿಂತ ಎರಡು ಸುತ್ತು ಕಡಿಮೆ. ಕಣಕ್ಕಿಳಿದು ಮೋಟಾರಿನ ಮೇಲೆ ಬೆರಳಿಟ್ಟ. ಬೆಚ್ಚಗಿತ್ತು, ಹತ್ತು ಎಣಿಸುವ ತನಕ ಇಟ್ಟುಕೊಳ್ಳಬಹುದಾಗಿತ್ತು.

"ಐದ್ ನಿಮ್ಷ ಓಡುಸ್ದೆ ನೋಡು ಮಂಚಯ್ಯ," ಎಂದರು ನಂಜುಂಡಸ್ವಾಮಿ.

"ಮೊದಲ್ನೇ ಮೂರ್ ಸುತ್ತು ದನ ಕಾಯೋನಂಗೆ ಓಡುಸ್ದೆ ಕಣ್ರೀ ನಾನು," ಎಂದ ಮಂಚಯ್ಯ ಬೇಸರದಿಂದ. "ಅವಿಲ್ದಿದ್ರೆ ಅನು ಮೇಡಮ್ಮಿನ ಇಂದೇನೇ ಇರ್ತಿದ್ದೆ."

ಚೆರಿಂಗ್ ಕಾರಿನ ತಳ ತಿರುಗಿಸಿ ನೋಡಿದ. "ಇಪ್ಪತ್ತೊಂಬತ್ತರ ಪಿನಿಯನ್ ಆಕಿದ್ರೆ ನೇರ ದಾರೀಲಿ ಇನ್ನೊಸಿ ಸಿಗ್ತದೆ ಮಂಚಣ್ಣ. ಮೋಟಾರು ತಣ್ಣಗದೆ, ತಡೀತದೆ."

"ನೀನೇಳಿದ್ ನಂಬರ್ ಆಕಾಕಿಲ್ಲ," ಎಂದ ಮಂಚಯ್ಯ. ಆಮೇಲೆ ಟ್ರೇಲರಿನ ಅಂಚಿಗೆ ಬೆನ್ನು ಒರಗಿಸಿಕೊಂಡು, ಚೆರಿಂಗನ ಪಿನಿಯನ್ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಇಪ್ಪತ್ತೊಂಬತ್ತರದನ್ನು ಹುಡುಕಿ ತೆಗೆದು ಅದರ ಹಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದ.